ದಾನ ಅವರದ್ದು, ಲೆಕ್ಕ ಯಾರದ್ದು?

ಇವತ್ತು ಸುಮ್ನೆ, ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಕುಟುಂಬದ ದಾನ ಸಂಸ್ಥೆಯಾದ ಗೇಟ್ಸ್ ಫೌಂಡೇಶನ್‌ನ 990-ಪಿಎಫ್ ತೆರೆದು ಕೂತಿದ್ದೆ. ಅಮೆರಿಕದ ಪ್ರತಿ ಖಾಸಗಿ ಫೌಂಡೇಶನ್ ವರ್ಷಕ್ಕೊಮ್ಮೆ ತೆರಿಗೆ ಇಲಾಖೆಗೆ ಕೊಡಬೇಕಾದ ಲೆಕ್ಕಪತ್ರ ಇದು. ಯಾರು ಬೇಕಾದರೂ ನೋಡಬಹುದು. ಯಾರಿಗೆ ಎಷ್ಟು ಕೊಟ್ಟರು, ಯಾಕೆ ಕೊಟ್ಟರು, ಟ್ರಸ್ಟಿಗಳು ಯಾರು, ಎಲ್ಲ ಸಾಲು ಸಾಲಾಗಿ ಇದೆ. ಓದಿ ಮುಗಿಸೋಕೆ ಮಾತ್ರ ಸಾಧ್ಯವಿಲ್ಲ, ಅಷ್ಟು ಪುಟ!

ಅಲ್ಲಿನ ಕಾನೂನಿನ ಪ್ರಕಾರ ಇಂಥ ಫೌಂಡೇಶನ್‌ಗಳು ತಮ್ಮ ಹೂಡಿಕೆಯ ಸುಮಾರು ಶೇ 5ರಷ್ಟನ್ನು ಪ್ರತಿ ವರ್ಷ ಖರ್ಚು ಮಾಡಲೇಬೇಕು. ದಾನದ ಕೆಲಸ ನಡೆಸುವ ಸಿಬ್ಬಂದಿ ಸಂಬಳ, ಕಚೇರಿ ಖರ್ಚೂ ಈ ಐದರಲ್ಲೇ ಸೇರುತ್ತದೆ. ಜಾಣರು ಅಲ್ವಾ?

ಹಣ ಎಲ್ಲಿಗೆ ಹೋಯಿತು ಅನ್ನೋದು ಗೊತ್ತಾಗುತ್ತದೆ, ಸರಿ. ಅಲ್ಲಿಗೇ ಹೋಗಬೇಕು ಅಂತ ತೀರ್ಮಾನಿಸಿದ್ದು ಯಾರು? 2021ರವರೆಗೆ ಅಲ್ಲಿ ಇದ್ದದ್ದು ಮೂರೇ ಟ್ರಸ್ಟಿಗಳು: ಬಿಲ್, ಅವರ ಆಗಿನ ಪತ್ನಿ ಮೆಲಿಂಡಾ, ಹೂಡಿಕೆದಾರ ವಾರನ್ ಬಫೆಟ್. ವಿಶ್ವ ಆರೋಗ್ಯ ಸಂಸ್ಥೆಗೆ ಅತಿ ಹೆಚ್ಚು ಹಣ ಕೊಡುವವರ ಸಾಲಿನಲ್ಲಿರುವ ಸಂಸ್ಥೆಗೆ ಮೂರು ಜನ! ನಮ್ಮೂರ ಜಾತ್ರೆ ಕಮಿಟಿಯಲ್ಲೇ ಇದಕ್ಕಿಂತ ಜಾಸ್ತಿ ಜನ ಇರುತ್ತಾರೆ, ಜಗಳವೂ ಆಗುತ್ತದೆ. ಬಫೆಟ್ ಹೊರನಡೆದು, ಗೇಟ್ಸ್ ದಂಪತಿ ವಿಚ್ಛೇದನವೂ ಆದ ಮೇಲೆ, 2022ರಲ್ಲಿ ಹೊರಗಿನವರನ್ನು ಮಂಡಳಿಗೆ ಸೇರಿಸಿಕೊಂಡರು.

ಅವರ ಹಣದಿಂದ ಮಕ್ಕಳಿಗೆ ಲಸಿಕೆ ಸಿಕ್ಕಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 2045ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕುತ್ತೇವೆ ಅಂತ 2025ರಲ್ಲಿ ಬಿಲ್ ಗೇಟ್ಸ್ ಘೋಷಿಸಿದರು. ಆ ಹಣ ನೆಚ್ಚಿಕೊಂಡ ಬಡ ದೇಶಗಳ ಆರೋಗ್ಯ ಇಲಾಖೆಗಳು ಈಗಿನಿಂದಲೇ ಬೇರೆ ದಾರಿ ಹುಡುಕಬೇಕು.