ಅಂಡಮಾನ್ ಶೀಟು: ಅರ್ಧ ಗಂಟೆಯ ಗಂಟು ಬಿಚ್ಚಿತು

ಬಿಚ್ಚಿತು ಸ್ವಾಮಿ, ಕೊನೆಗೂ ಬಿಚ್ಚಿತು, ನಮ್ಮ ಮನೆಮಂದಿಯ ಅಂಡಮಾನ್ ಪ್ರವಾಸದ ಲೆಕ್ಕದ ಶೀಟಿನ ಗಂಟು. ಹನ್ನೊಂದು ಜನ, ಮೂರು ದ್ವೀಪ, ನಾಲ್ಕು ರಾತ್ರಿ, ಸಂಕ್ರಾಂತಿ ಮುಗಿದ ಮೇಲೆ ಹೊರಡೋದು. ವಿಮಾನದ ಟಿಕೆಟ್ಟು, ಆಧಾರ್ ಕಾರ್ಡಿನ ಫೋಟೋ ವಸೂಲಿ, ಯಾರ ಗೊರಕೆ ಯಾರಿಗೆ ಆಗಿಬರಲ್ಲ ಅನ್ನೋ ಕೋಣೆ ಲೆಕ್ಕ, ಇವೆಲ್ಲ ನಿಮ್ಮೆಲ್ಲರ ಶೀಟಿನಲ್ಲೂ ಇರೋದೇ, ಹಾರಿಸ್ತೀನಿ. ಈ ಸಲದ ಪುರಾಣ ಪೂರ್ತಿ ಒಂದೇ ಒಂದು ಸೆಲ್ಲಿನದು: ಸಮುದ್ರದಲ್ಲಿ ಡೈವಿಂಗ್ ಮುಗಿಸಿ ವಿಮಾನ ಹತ್ತೋ ತನಕ ಎಷ್ಟು ಗಂಟೆ ಸಿಗುತ್ತೆ ಅನ್ನೋದು. ಅದರಲ್ಲಿ ಇದ್ದದ್ದು 17:30. ಇರಬೇಕಾದದ್ದು 18:00. ಆ ಅರ್ಧ ಗಂಟೆಗಾಗಿ ಮನೆಮಂದಿಯೆಲ್ಲ ವಾಟ್ಸಾಪಿನಲ್ಲಿ ಕಚ್ಚಾಡಿದ್ದಾರೆ.

ಊರುಗಳ ಹೆಸರು ಹಳೆಯವೇ ಬಳಸ್ತೀನಿ. ಹ್ಯಾವ್‌ಲಾಕ್ 2018ರಲ್ಲಿ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು, 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಫೆರ್ರಿಯವರ ಟಿಕೆಟ್ಟಿನಲ್ಲಿ ಒಂದು ಹೆಸರು, ಹೋಟೆಲಿನವರ ರಸೀದಿಯಲ್ಲಿ ಇನ್ನೊಂದು. ನಮ್ಮ ದೊಡ್ಡಪ್ಪ ಈ ದುಡ್ಡಿಗೆ ಆರು ಊರು ತೋರಿಸ್ತಿದ್ದಾನೆ ಅಂತ ನನ್ನನ್ನು ಹೊಗಳಿಕೊಂಡು ಓಡಾಡ್ತಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಮೊದಲಿದ್ದ ನಕ್ಷೆ ಹೀಗಿತ್ತು: ಒಂದು ರಾತ್ರಿ ಪೋರ್ಟ್ ಬ್ಲೇರ್, ಒಂದು ನೀಲ್, ಒಂದು ಹ್ಯಾವ್‌ಲಾಕ್, ಕೊನೆಯದು ಮತ್ತೆ ಪೋರ್ಟ್ ಬ್ಲೇರ್. ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಯಾಕೆ ಅಂತ ಕೇಳೋರು ಇಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದೀನಿ. ಬಂಗಾಳ ಕೊಲ್ಲಿ ಸ್ವಲ್ಪ ಮುಖ ಗಂಟಿಕ್ಕಿದರೂ ಫೆರ್ರಿ ರದ್ದು. ವಿಮಾನದ ದಿನವೇ ದ್ವೀಪದಿಂದ ಹೊರಡೋದು ಜೂಜು. ನಾಲ್ಕನೇ ದಿನ ಹ್ಯಾವ್‌ಲಾಕಿನಲ್ಲಿ ಡೈವಿಂಗ್ ಮುಗಿಸಿ, ಸಂಜೆ ಫೆರ್ರಿ ಹತ್ತಿ, ಐದನೇ ದಿನ ಬೆಳಿಗ್ಗೆ ಏಳೂವರೆಗೆ ಬೆಂಗಳೂರಿನ ವಿಮಾನ. ಕಾಗದದ ಮೇಲೆ ಎಣ್ಣೆ ಹಾಕಿದ ಹಾಗೆ ಜಾರಿಕೊಂಡು ಹೋಗ್ತಿತ್ತು.

ಅಷ್ಟರಲ್ಲಿ ಅಕ್ಕನ ಮಗಳು ಬಾಯಿ ಹಾಕಿದಳು. ಅವಳು ನೇತ್ರಾಣಿಯಲ್ಲಿ ಡೈವಿಂಗ್ ಕೋರ್ಸ್ ಮಾಡಿ ಅದರ ಕಾರ್ಡು ತಗೊಂಡವಳು. ನಾವು ಮಿಕ್ಕ ನಾಲ್ವರು ತರಬೇತುದಾರರ ಕೈ ಹಿಡಿದು ಒಂದು ಸಲ ಮುಳುಗಿ ಫೋಟೋ ತೆಗೆಸಿಕೊಳ್ಳೋ ಗಿರಾಕಿಗಳು. ಅವಳಿಗೆ ಅದು ಸಾಲದು, ದೋಣಿಯಲ್ಲಿ ಹೋಗಿ ಎರಡು ಡೈವ್ ಮಾಡಬೇಕು. ಎರಡನೆಯದು ಮುಗಿಸಿ ಮೇಲೆ ಬರೋ ಹೊತ್ತಿಗೆ ಮಧ್ಯಾಹ್ನ ಎರಡು. ಅಲ್ಲಿಂದ ಮರುದಿನ ಏಳೂವರೆಗೆ ಎಷ್ಟಾಯಿತು? ಹದಿನೇಳೂವರೆ ಗಂಟೆ.

ಡೈವಿಂಗ್ ಮಾಡದವರಿಗೆ ಇಷ್ಟು ಸಾಕು: ನೀರಿನಾಳದ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ಮೈಯೊಳಗೆ ಕರಗಿ ಕೂರುತ್ತೆ, ನಿಧಾನಕ್ಕೆ ಹೊರಗೆ ಹೋಗುತ್ತೆ. ವಿಮಾನದ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಬೆಟ್ಟದ ಮೇಲಿದ್ದಷ್ಟು ಕಡಿಮೆ. ಸಾರಜನಕ ಪೂರ್ತಿ ಹೋಗೋ ಮೊದಲೇ ಅಲ್ಲಿಗೆ ಏರಿದರೆ ಅದು ಗುಳ್ಳೆ ಕಟ್ಟುತ್ತೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಏನು ಬೇಕಾದರೂ ಆಗಬಹುದು. ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ಮಾರ್ಗಸೂಚಿ ಪ್ರಕಾರ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ವಿಚಾರಿಸೋಣ ಅಂತ ಒಂದು ಡೈವ್ ಅಂಗಡಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬಂದ ಉತ್ತರ "ಕುಛ್ ನಹೀ ಹೋತಾ ಸರ್". ಅವರ ಹೆಸರನ್ನು ಶೀಟಿನಿಂದ ಅಳಿಸಿದೆ. ಇನ್ನೊಂದು ಅಂಗಡಿಯವರು ಕೇಳೋ ಮೊದಲೇ 24 ಗಂಟೆ ಬಿಡಿ ಅಂದರು. ಮುಂಗಡ ಅವರಿಗೇ ಹೋಯಿತು.

ಈಗ ಪರಿಹಾರ ಅಂತ ಮೊದಲು ಬಂದದ್ದು ಒಂದು ರಾತ್ರಿ ಹೆಚ್ಚು ಉಳಿಯೋದು. ಐದು ಕೋಣೆ, ತಲಾ 4,200ರಂತೆ 21,000. ಊಟ ತಲೆಗೆ 700ರಂತೆ 7,700. ಎರಡು ಇನ್ನೋವಾ ಇನ್ನೊಂದು ದಿನಕ್ಕೆ 5,000. ಒಟ್ಟು 33,700 ರೂಪಾಯಿ. ಹನ್ನೊಂದು ಜನಕ್ಕೆ ಹಂಚಿದರೆ ತಲೆಗೆ 3,060ರ ಮೇಲೆ. "ನಾನು ನೀರಿಗೆ ಕಾಲೂ ಇಡಲ್ಲ, ನನಗ್ಯಾಕೋ ಈ ಲೆಕ್ಕ?" ಅಂತ ಅತ್ತೆ. ಸರಿ, ಮುಳುಗೋ ಐವರೇ ಕೊಡಲಿ ಅಂದರೆ ತಲೆಗೆ 6,740. "ಒಂದು ಡೈವ್ ಮಾಡೋರಿಗೆ 12 ಗಂಟೆ ಸಾಕು ಅಂತ ನೀನೇ ಹೇಳಿದ್ದೀಯಲ್ಲ" ಅಂತ ಭಾವ ಪಾಯಿಂಟ್ ಹಾಕಿದರು. ಅಲ್ಲಿಗೆ ಇಡೀ 33,700 ಆ ಹುಡುಗಿಯೊಬ್ಬಳ ಮೈಯಲ್ಲಿರೋ ಸಾರಜನಕದ ಖರ್ಚು ಅಂತಾಯಿತು. ಅವಳು ಗ್ರೂಪಿನಿಂದಲೇ ಹೊರಗೆ ಹೋದಳು. ಮಧ್ಯಾಹ್ನದ ವಿಮಾನ ನೋಡಿದರೆ ತಲೆಗೆ 2,900 ಹೆಚ್ಚು, ಒಟ್ಟು 31,900. ಬಾಣಲೆಯಿಂದ ಬೆಂಕಿಗೆ.

ಭಾವ ಅಂದ ಕೂಡಲೇ ನೆನಪಾಯಿತು. ಅವರು ಮಧ್ಯೆ ತಮ್ಮ ಸ್ನೇಹಿತ ದಂಪತಿಯನ್ನೂ ಸೇರಿಸೋಣ, ಇನ್ನಿಬ್ಬರು ಬಂದರೆ ಏನು ಮಹಾ ಅಂದರು. ಹನ್ನೆರಡನೆಯವರು ಬಂದರೆ ನಿಜಕ್ಕೂ ಏನೂ ಮಹಾ ಇಲ್ಲ, ಲಗೇಜಿನ ಜೊತೆ ಇನ್ನೋವಾಕ್ಕೆ ಆರರಂತೆ ಹಿಡಿಸ್ತಾರೆ. ಹದಿಮೂರನೆಯವರು ಬಂದರೆ ಮೂರನೇ ಗಾಡಿ! ಶೀಟಿನಲ್ಲಿ ತಲೆಗೆ, ಕೋಣೆಗೆ, ಗಾಡಿಗೆ ಅಂತ ಮೂರು ಕಾಲಂ ಬೇರೆ ಬೇರೆ ಇಡದವರಿಗೆ ಇದು ಕಾಣೋದೇ ಇಲ್ಲ. ಭಾವನಿಗೆ ಮುಂದಿನ ಯೋಜನೆ ಲಕ್ಷದ್ವೀಪ ಅಂತ ಸಮಾಧಾನ ಮಾಡಿದ್ದೀನಿ. ಅದರ ಹಾಳೆ ಆಗಲೇ ಶುರುವಾಗಿದೆ: ಪ್ರವೇಶ ಪರವಾನಗಿ, ಕೊಚ್ಚಿಯಿಂದ ಹಡಗು, ಹಡಗಿನಲ್ಲೇ ರಾತ್ರಿ ನಿದ್ದೆ, ಅಂದರೆ ಕೋಣೆಯ ಕಾಲಂ ಅರ್ಧ ಖಾಲಿ. ಎಂಥ ಚಂದದ ಲೆಕ್ಕ! ಅಲ್ಲಿ ಬಂಗಾರಂ ದ್ವೀಪ ಬಿಟ್ಟು ಉಳಿದ ಕಡೆ ಮದ್ಯ ನಿಷೇಧ ಅನ್ನೋದನ್ನು ಭಾವನಿಗೆ ಇನ್ನೂ ಹೇಳಿಲ್ಲ.

ಸರಿ, ಗಂಟಿಗೆ ಬರೋಣ. ದ್ವೀಪಗಳ ಸರದಿ ತಿರುಗಿಸಿ ಹ್ಯಾವ್‌ಲಾಕ್ ಮೊದಲು, ನೀಲ್ ಆಮೇಲೆ ಮಾಡಿದರೆ ಮುಗೀತಲ್ಲ ಅಂತ ನೀವು ಆಗಲೇ ಗೊಣಗ್ತಿರ್ತೀರಿ. ಗೊತ್ತು. ಆದರೆ ಹ್ಯಾವ್‌ಲಾಕಿನ ರೆಸಾರ್ಟಿನಲ್ಲಿ ಐದು ಕೋಣೆ ಒಟ್ಟಿಗೆ ಸಿಗ್ತಿದ್ದದ್ದು ಮೂರನೇ ರಾತ್ರಿ ಮಾತ್ರ. ಎರಡನೇ ರಾತ್ರಿಗೆ ಮೂರೇ. ಎಲ್ಲರೂ ಒಂದೇ ಸೂರಿನಡಿ ಇರಬೇಕು ಅನ್ನೋದು ಅಕ್ಕನ ಕಟ್ಟಪ್ಪಣೆ, ಶೀಟಿನ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿದೆ. ಅದೇ ರೆಸಾರ್ಟಿನವರು ಬೇಕಾದರೆ ನಾಲ್ಕನೇ ಕೋಣೆ ಕೊಡ್ತೀವಿ ಅಂದರು, "ಸೀ ವ್ಯೂ", 9,000. ಫೋಟೋ ಕಳಿಸಿ ಅಂದೆ. ತೆಂಗಿನ ತೋಟ ಬಂತು. ತೋಟದಾಚೆ ಸಮುದ್ರ ಇದೆಯಂತೆ. ಇದ್ದೇ ಇರುತ್ತೆ, ದ್ವೀಪ ಅಲ್ವೇ.

ಮ್ಯಾಪ್ ಹಿಗ್ಗಿಸಿ ನೋಡ್ತಾ ಕೂತಾಗ ಆ ರೆಸಾರ್ಟಿನ ಬೇಲಿಗೆ ಅಂಟಿಕೊಂಡೇ ಇನ್ನೊಂದು ಸಣ್ಣ ಲಾಡ್ಜ್ ಕಾಣಿಸಿತು. ಫೋನ್ ಮಾಡಿದರೆ ಎರಡು ಕೋಣೆ ಇದೆ, ತಲಾ 3,600. ಬೇಲಿಯಲ್ಲಿ ಗೇಟೂ ಇದೆ, ತಿಂಡಿಗೆ ಇಲ್ಲಿಂದ ಅಲ್ಲಿಗೆ ಹೋಗಬಹುದು. ಅಕ್ಕನಿಗೆ ಹೇಳಿದೆ: ಆ ಎರಡು ಕೋಣೆಯಲ್ಲಿ ಒಂದು ದೊಡ್ಡಪ್ಪನಿಗೆ. ಗೊರಕೆ ಬೇಲಿಯಾಚೆ! ಕಟ್ಟಪ್ಪಣೆ ಅರ್ಧ ನಿಮಿಷದಲ್ಲಿ ವಾಪಸ್.

ಹೊಸ ಸರದಿಯಲ್ಲಿ ಮೂರನೇ ದಿನ ಎರಡು ಗಂಟೆಗೆ ಡೈವ್ ಮುಗಿಯುತ್ತೆ, ಮಧ್ಯಾಹ್ನದ ಮೇಲಿನ ಫೆರ್ರಿಯಲ್ಲಿ ನೀಲ್‌ಗೆ, ನಾಲ್ಕನೇ ದಿನ ಪೋರ್ಟ್ ಬ್ಲೇರ್, ಐದನೇ ದಿನ ವಿಮಾನ. ಸೆಲ್ಲಿನಲ್ಲಿ ಈಗ 41:30. ಅದು ಹಸಿರಾದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದೆ. ಯಾರಿಗೂ ಅದರ ಬೆಲೆ ಗೊತ್ತಾಗಲಿಲ್ಲ, ನಿಮಗೆ ಗೊತ್ತಾಗುತ್ತೆ ಅಂತಲೇ ಇಷ್ಟು ಬರೀತಿರೋದು.

ಬೋನಸ್ಸೂ ಸಿಕ್ಕಿತು. ನೀಲ್‌ನ ಕಲ್ಲಿನ ಕಮಾನು ನೋಡಲು ಸಮುದ್ರದ ಇಳಿತ ಇರಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತೆ. ಹಳೇ ನಕ್ಷೆಯಲ್ಲಿ ಅದು ನಸುಕಿನ ನಾಲ್ಕೂ ನಲವತ್ತಕ್ಕೆ ಬೀಳ್ತಿತ್ತು, ಕಗ್ಗತ್ತಲು. ಈಗ ಐದೂವರೆ. ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ ಆದ್ದರಿಂದ ಅಷ್ಟು ಹೊತ್ತಿಗೆ ಅಲ್ಲಿ ಬೆಳಕು ಹರಿದಿರುತ್ತೆ. ಅದೇ ಕಾರಣಕ್ಕೆ ಐದೂಕಾಲರ ಸುಮಾರಿಗೆ ಸೂರ್ಯ ಮುಳುಗಿಬಿಡ್ತಾನೆ. ಹ್ಯಾವ್‌ಲಾಕಿನ ರಾಧಾನಗರ ಬೀಚಿಗೆ ನಾಲ್ಕೂವರೆಯೊಳಗೆ ತಲುಪಿಲ್ಲ ಅಂದರೆ ಹೋಗಿ ಪ್ರಯೋಜನ ಇಲ್ಲ. ಕಮಾನಿನ ಹತ್ತಿರದ ಪಾಚಿ ಕಟ್ಟಿದ ಕಲ್ಲಿನ ಮೇಲೆ ಅತ್ತೆಯ ಮಂಡಿ ಏನು ಹೇಳುತ್ತೆ ಅನ್ನೋದು ಬೇರೆ ಹಾಳೆ.

ಬಾಕಿ ಇರೋದು ಎರಡು. ಅಕ್ಕನ ಎರಡನೇ ಮಗನಿಗೆ ಎಂಟು ವರ್ಷ, ಡೈವಿಂಗಿಗೆ ಹತ್ತು ತುಂಬಿರಬೇಕು. ಹನ್ನೊಂದರ ಅಣ್ಣ ಮುಳುಗ್ತಾನೆ, ಇವನು ದಡದಲ್ಲಿ. ಗಾಜಿನ ತಳದ ದೋಣಿ ತೋರಿಸಿ ಸಂಧಾನ ನಡೀತಿದೆ. ಇನ್ನೊಂದು, "ಉಳಿದ" 33,700. ಅದು ಯಾರ ಜೇಬಿನಿಂದಲೂ ಹೊರಗೇ ಬಂದಿರಲಿಲ್ಲ. ಆದರೂ ಅದರಲ್ಲಿ ಸಂಜೆ ಊಟಕ್ಕೆ ಸೀಗಡಿ ಹಾಕಿಸೋಣ ಅಂತ ಭಾವ, ಸೀ ವ್ಯೂ ಕೋಣೆ ತಗೊಳೋಣ ಅಂತ ಅಕ್ಕ. ಅತ್ತೆ ತಮ್ಮ 3,060 ಮೊದಲು ವಾಪಸ್ ಕೊಡು ಅಂತ ಬೆಳಿಗ್ಗೆಯಿಂದ ಮೂರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ.