ಹಾಜರಿ ಕೂಗುವ ಹೊತ್ತು

ಅಕ್ಕನ ಮಗನಿಗೆ ಉಗ್ಗು ಇದೆ. ಮಾತಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾನೆ. ಐದನೇ ತರಗತಿಗೆ ಬಂದ ಮೇಲೆ ಬೆಳಗ್ಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ರಜೆಯ ದಿನ ನೋವಿಲ್ಲ. ಡಾಕ್ಟರ್ ಪರೀಕ್ಷೆ ಮಾಡಿ ಏನೂ ತೊಂದರೆ ಇಲ್ಲ ಅಂದರು. ಮನೆಯಲ್ಲಿ ಕೆಲವರು 'ನಾಟಕ' ಅಂದರು. ಅದು ನಾಟಕ ಅಲ್ಲ. ಹೆದರಿಕೆ ಒಳಗೇ ಉಳಿದರೆ ಮಕ್ಕಳ ಹೊಟ್ಟೆ ನಿಜವಾಗಿಯೂ ನೋಯುತ್ತದೆ.

ಒಂದು ಶನಿವಾರ ನಾನು ಮೈಸೂರಿನ ಅವರ ಮನೆಯಲ್ಲಿದ್ದೆ. ಅವನು ಏನೋ ಹೇಳಲು ಹೋಗಿ ತಡವರಿಸಿದ. ತಂಗಿ ಆ ಮಾತನ್ನು ತಾನೇ ಮುಗಿಸಿದಳು. ಅಷ್ಟಕ್ಕೇ ಅವಳ ಜಾಮಿಟ್ರಿ ಬಾಕ್ಸ್ ತೆಗೆದು ಗೋಡೆಗೆ ಬೀಸಿದ. ಅಕ್ಕ ಕೈ ಎತ್ತಿದಳು. ನಾನು ಅವನನ್ನು ತಾರಸಿಗೆ ಕರೆದುಕೊಂಡು ಹೋದೆ.

ಅಲ್ಲಿ ನೀರಿನ ಟ್ಯಾಂಕಿನ ನೆರಳಲ್ಲಿ ಸುಮ್ಮನೆ ಕೂತೆವು. ಉಸಿರು ಹತೋಟಿಗೆ ಬರುವ ತನಕ ಯಾವ ಮಗುವಿಗೂ ಬುದ್ಧಿಮಾತು ಕೇಳಿಸುವುದಿಲ್ಲ. ಆಮೇಲೆ ಕೇಳಿದೆ, "ಸಿಟ್ಟು ಎಲ್ಲಿ ಕೂತಿದೆ ಪುಟ್ಟಾ?" ಅವನು ಗಂಟಲು ಮುಟ್ಟಿ ತೋರಿಸಿದ.

"ಹಾಜರಿ ಕೂಗಿದಾಗ 'ಪ್ರೆಸೆಂಟ್ ಮಿಸ್' ಅನ್ಬೇಕು. ನಂಗೆ 'ಪ' ಬರಲ್ಲ. ಹಿಂದಿನ ಬೆಂಚಿನವರು ಪ್ಪ ಪ್ಪ ಪ್ಪ ಅಂತಾರೆ. ಎಲ್ಲರೂ ನಗ್ತಾರೆ. ಊಟದ ಹೊತ್ತಲ್ಲಿ ನಲ್ಲಿ ಹತ್ರ ಅಡ್ಡ ನಿಲ್ತಾರೆ. ಹೆಸರು ಸರಿಯಾಗಿ ಹೇಳಿದ್ರೆ ಮಾತ್ರ ನೀರು ಅಂತಾರೆ."

ಇಷ್ಟು ಹೇಳಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಕೊನೆಗೆ, "ಚಿಕ್ಕಮ್ಮ, ಅಮ್ಮಂಗೆ ಹೇಳ್ಬೇಡ" ಅಂದ. ಹಾಗೆ ಮಾತು ಕೊಡಲು ಆಗಲಿಲ್ಲ. "ಹೇಳಲೇಬೇಕು ಕಣೋ. ಆದ್ರೆ ಯಾರ ಹತ್ರ ಏನು ಮಾತಾಡ್ತೀವಿ ಅಂತ ಮೊದಲು ನಿಂಗೇ ಹೇಳ್ತೀವಿ" ಅಂದೆ.

ವಿಷಯ ಗೊತ್ತಾದ ಮೇಲೆ ತಾತ "ನೀನೂ ಎರಡು ಬಿಡು" ಅಂದರು. ಭಾವ "ಕಿವಿಗೆ ಹಾಕ್ಕೋಬೇಡ" ಅಂದರು. ಇಬ್ಬರದ್ದೂ ಪ್ರೀತಿಯೇ. ಆದರೆ ಎರಡು ಮಾತೂ ಭಾರವನ್ನು ಆ ಮಗುವಿನ ಮೇಲೇ ಹೊರಿಸುತ್ತವೆ. ಇಂಥ ಕಾಟ ನಿಲ್ಲಿಸುವುದು ದೊಡ್ಡವರ ಕೆಲಸ ಅಲ್ವಾ?

ಏನು, ಎಲ್ಲಿ, ಯಾವಾಗ ನಡೆಯುತ್ತದೆ ಅಂತ ಬರೆದುಕೊಂಡು ಅಕ್ಕನೂ ನಾನೂ ಕ್ಲಾಸ್ ಟೀಚರನ್ನು ನೋಡಿದೆವು. ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098 ಇತ್ತು. ಅದರ ಅಗತ್ಯ ಬೀಳಲಿಲ್ಲ. ಟೀಚರ್ ಆ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿದರು, ಅವರ ಮನೆಯವರನ್ನೂ ಕರೆಸಿದರು. ಇವನನ್ನು ಎದುರಿಗೆ ನಿಲ್ಲಿಸಿ 'ಸಾರಿ ಹೇಳಿ ಕೈ ಕುಲುಕಿ' ಅನ್ನಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ. ಹಾಗೆ ನಿಲ್ಲಿಸಿದರೆ ನೊಂದ ಮಗು ಇನ್ನೊಮ್ಮೆ ನೋಯುತ್ತದೆ. ಹಾಜರಿಗೆ ಎಲ್ಲರೂ ಕೈ ಎತ್ತಿದರೆ ಸಾಕು ಎಂದಾಯಿತು. ನಲ್ಲಿಯ ಬಳಿ ಒಬ್ಬ ಟೀಚರ್ ನಿಲ್ಲತೊಡಗಿದರು. ನೋಡುತ್ತಾ ನಿಲ್ಲುವ ಮಕ್ಕಳಿಗೂ ಅವರು ಕೆಲಸ ಹೇಳಿಕೊಟ್ಟರು: ನಗಬೇಡಿ, ಅವನ ಜೊತೆ ಹೋಗಿ ನಿಲ್ಲಿ, ಬಂದು ನನಗೆ ಹೇಳಿ. ಮೊದಲೆಲ್ಲ ತಲೆ ತಗ್ಗಿಸಿ ಕೂರುತ್ತಿದ್ದ ಪಕ್ಕದ ಬೆಂಚಿನ ಹುಡುಗ ಒಂದು ದಿನ "ಸಾಕು ಬಿಡ್ರೋ" ಅಂದನಂತೆ. ಅದನ್ನು ಹೇಳುವಾಗ ಪುಟ್ಟನ ಮುಖ ನೋಡಬೇಕಿತ್ತು!

ಮೈಸೂರಿನಲ್ಲೇ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಗೂ ಕರೆದುಕೊಂಡು ಹೋದೆವು. 'ನಿಧಾನ ಹೇಳು, ಉಸಿರು ತಗೋ' ಅಂತ ನಡುವೆ ಹೇಳಬೇಡಿ, ಮಾತು ನೀವು ಮುಗಿಸಬೇಡಿ, ಅವನ ಮುಖ ನೋಡುತ್ತಾ ಕಾಯಿರಿ ಅಂದರು. ಎಲ್ಲರ ಜೊತೆ ದನಿಗೂಡಿಸಿ ಓದುವಾಗ, ಹಾಡುವಾಗ ಉಗ್ಗು ಬಹುಮಟ್ಟಿಗೆ ಬರುವುದಿಲ್ಲ ಎಂಬುದೂ ತಿಳಿಯಿತು. ಟೀಚರಿಗೆ ಹೇಳಿದೆವು. ಈಗ ಅವನು ಕನ್ನಡ ಪದ್ಯವನ್ನು ಆ ಪಕ್ಕದ ಬೆಂಚಿನ ಹುಡುಗನ ಜೊತೆ ಸೇರಿ ಜೋರಾಗಿ ಓದುತ್ತಾನೆ.

ಉಗ್ಗು ಹೋಗಿಲ್ಲ. ಸಿಟ್ಟೂ ಬರುತ್ತದೆ. ಆಗ ಅವನೇ ತಾರಸಿಗೆ ಹೋಗುತ್ತಾನೆ, ತಂಗಿ ಹಿಂದೆ ಹೋಗುವುದಿಲ್ಲ. ಮೊನ್ನೆ ಆಟದ ಮೈದಾನದಲ್ಲಿ ಒಬ್ಬ ಮತ್ತೆ ಅಣಕಿಸಿದನಂತೆ. "ಮಿಸ್‌ಗೆ ನಾನೇ ಹೇಳ್ದೆ. ಪೂರ್ತಿ ಹೇಳೋ ತನಕ ಅವ್ರು ಕಾದ್ರು" ಅಂದ. ಅಕ್ಕ ಅದನ್ನು ತಾರೀಖು ಸಮೇತ ಬರೆದಿಟ್ಟಳು, ಮರುದಿನ ಟೀಚರಿಗೆ ಫೋನೂ ಮಾಡಿದಳು.