ಮಣೆಯ ಕಾಲು ಕತ್ತರಿಸುತ್ತಾ: ನನ್ನ ಸೊಂಟದ ಹದಿನಾರು ವಾರ

ಜನವರಿ, ಮೊದಲ ವಾರ

ಶಿವಮೊಗ್ಗದಲ್ಲಿ ಅಮ್ಮನಿಗೆ ಅಂತ ಕಟ್ಟಿಸುತ್ತಿರುವ ಮನೆಗೆ ಏಪ್ರಿಲ್ ಕೊನೆಗೆ ಗೃಹಪ್ರವೇಶ. ಹೋಮಕ್ಕೆ ನಾನೂ ಹೆಂಡತಿಯೂ ಕೂರಬೇಕು, ಕಡಿಮೆ ಅಂದರೂ ಎರಡು ಗಂಟೆ. ನಿನ್ನೆ ರಾತ್ರಿ ಊಟ ಆದ ಮೇಲೆ ಸುಮ್ಮನೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿದೆ. ನಾಲ್ಕು ನಿಮಿಷ. ಆಮೇಲೆ ಸೊಂಟ ಕಿತ್ತುಕೊಂಡು ಬಂತು. ಏಳೋದಕ್ಕೆ ಸೋಫಾದ ಕೈ ಹಿಡಿಯಬೇಕಾಯಿತು, ಮಗಳು ಬಿದ್ದು ಬಿದ್ದು ನಕ್ಕಳು.

ನನಗೆ ನಲವತ್ತೇಳು. ಇಂಗ್ಲೆಂಡಿನ ರೀಡಿಂಗ್‌ಗೆ ಬಂದು ಹನ್ನೊಂದು ವರ್ಷ. 2020ರಿಂದ ಈಚೆಗೆ ಆಫೀಸು ಅಂದರೆ ಊಟದ ಮೇಜು. ಸೊಂಟ ಹಿಡಿದುಕೊಂಡು ಎರಡು ವರ್ಷದ ಮೇಲಾಯಿತು. ಬೆಳಿಗ್ಗೆ ಕಾಲುಚೀಲ ಹಾಕಿಕೊಳ್ಳೋದೇ ಒಂದು ಸರ್ಕಸ್ಸು.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಕುರ್ಚಿ ಹಾಕ್ತಾರೆ ಬಿಡೋ, ಈಗ ಎಲ್ಲರೂ ಹಾಗೇ ಕೂರೋದು" ಅಂದಳು. ಒಂದು ಕ್ಷಣ ಬಿಟ್ಟು, "ಕಾಲು ಮುಂದಾಗಿ ಹುಟ್ಟಿದವರು ಯಾರಾದ್ರೂ ಸಿಕ್ಕಿದ್ರೆ ಸೊಂಟಕ್ಕೆ ಒಂದು ಒದೆಸ್ಕೋ, ಉಳುಕಾಗಿದ್ರೆ ಬಿಟ್ಟುಹೋಗುತ್ತೆ." ರೀಡಿಂಗಿನಲ್ಲಿ ಅಂಥವರನ್ನು ಹೇಗೆ ವಿಚಾರಿಸೋದು? ಜೊತೆಗೆ ಕೆಲಸ ಮಾಡುವವನೊಬ್ಬ ತನ್ನ ಆಸ್ಟಿಯೋಪಾತ್ ನಂಬರ್ ಕೊಟ್ಟ. ಮೂಳೆ, ಸಂದು, ಸ್ನಾಯುಗಳಿಗೆ ಕೈಯಿಂದಲೇ ಚಿಕಿತ್ಸೆ ಮಾಡುವವರು ಇವರು.

ಪ್ರತಿ ಭಾನುವಾರ ಮೂರು ಲೆಕ್ಕ ಬರೆದಿಡುವುದು ಅಂತ ತೀರ್ಮಾನ. ಮಂಡಿ ಮಡಚದೆ ಬಗ್ಗಿದಾಗ ಬೆರಳ ತುದಿಗೂ ನೆಲಕ್ಕೂ ಎಷ್ಟು ದೂರ. ನೆಲದ ಮೇಲೆ ಎಷ್ಟು ನಿಮಿಷ. ಎದ್ದ ಮೇಲೆ ಬೆಳಗಿನ ಬಿಗಿತ ಎಷ್ಟು ಹೊತ್ತು. ಇವತ್ತು: 31 ಸೆಂ.ಮೀ., 4 ನಿಮಿಷ, 20 ನಿಮಿಷ.

ಎರಡನೇ ವಾರ

ಹೋಗುವ ಮುಂಚೆ ಒಂದಿಷ್ಟು ಓದಿದೆ. ಆಸ್ಟಿಯೋಪಥಿ ಶುರು ಮಾಡಿದ್ದು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ, 1874ರಲ್ಲಿ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಅದಕ್ಕೂ ಮುಂಚೆ ಊರೂರು ಸುತ್ತುತ್ತಾ "ಮಿಂಚಿನ ವೇಗದ ಮೂಳೆ ಕಟ್ಟುವವನು" ಅಂತ ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದನಂತೆ. ಬೆಂಗಳೂರಿನ ರಸ್ತೆಯಲ್ಲಿ ಕಾಣುವ "ಪುತ್ತೂರು ಕಟ್ಟು" ಬೋರ್ಡು ಕಣ್ಮುಂದೆ ಬಂತು. ಸ್ಟಿಲ್ ಎಲ್ಲ ರೋಗದ ಬೇರೂ ಮೂಳೆ ಸಂದುಗಳಲ್ಲೇ ಇದೆ ಅಂತ ನಂಬಿದ್ದ. ಅದನ್ನು ಇವತ್ತು ಯಾರೂ ಹಾಗೆ ನಂಬಬೇಕಾಗಿಲ್ಲ.

ಈ ವಿದ್ಯೆ ದೇಶದಿಂದ ದೇಶಕ್ಕೆ ಬೇರೆ ರೂಪ. ಅಮೆರಿಕದಲ್ಲಿ ಆಸ್ಟಿಯೋಪಥಿ ಪದವಿ ಪಡೆದವರು ಪೂರ್ಣ ಪ್ರಮಾಣದ ಡಾಕ್ಟರು, ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಇಲ್ಲಿ ಬ್ರಿಟನ್ನಿನಲ್ಲಿ ಕೈಚಿಕಿತ್ಸೆಯೇ ಮುಖ್ಯ. ಆದರೆ 1993ರ ಕಾಯ್ದೆ ಪ್ರಕಾರ ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ಆಸ್ಟಿಯೋಪಾತ್ ಅಂತ ಹೇಳಿಕೊಳ್ಳುವುದೇ ಅಪರಾಧ. ಕೌನ್ಸಿಲ್ ಪಟ್ಟಿ ಯಾರು ಬೇಕಾದರೂ ನೋಡಬಹುದು. ನೋಡಿದೆ, ನನಗೆ ನಂಬರ್ ಸಿಕ್ಕಿದ್ದ ಆಸ್ಟಿಯೋಪಾತ್ ಹೆಂಗಸಿನ ಹೆಸರು ಇತ್ತು.

ಮೊದಲ ಭೇಟಿ ಐವತ್ತು ನಿಮಿಷ, ಅದರಲ್ಲಿ ಮೈ ಮುಟ್ಟುವ ಮೊದಲೇ ಇಪ್ಪತ್ತು ನಿಮಿಷ ಬರೀ ಪ್ರಶ್ನೆ. ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ಕಾರಣವಿಲ್ಲದೆ ತೂಕ ಇಳಿದಿದೆಯಾ? ಜ್ವರ? ಹಿಂದೆ ಕ್ಯಾನ್ಸರ್ ಆಗಿತ್ತಾ? ಕೂರುವ ಜಾಗದಲ್ಲಿ, ತೊಡೆ ಸಂದಿಯಲ್ಲಿ ಮರಗಟ್ಟುತ್ತಾ? ಮೂತ್ರ ಹಿಡಿತದಲ್ಲಿದೆಯಾ? ಕೊನೆಯ ಎರಡಕ್ಕೆ ಯಾರಾದರೂ ಹೌದು ಅಂದರೆ ಆಕೆ ಮುಟ್ಟುವುದೇ ಇಲ್ಲವಂತೆ, ಸೀದಾ ತುರ್ತು ವಿಭಾಗಕ್ಕೆ ಕಳಿಸುತ್ತಾಳಂತೆ. ಬೆನ್ನುಹುರಿಯ ಕೊನೆಯ ನರಗಳ ಗೊಂಚಲು ಒತ್ತಿಕೊಂಡಿದ್ದರೆ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಬೇಕು.

ಬೆಳಗಿನ ಬಿಗಿತದ ಬಗ್ಗೆ ಕೆದಕಿ ಕೆದಕಿ ಕೇಳಿದಳು. ನಲವತ್ತೈದರ ಒಳಗೆ ಶುರುವಾಗಿ, ಅರ್ಧ ಗಂಟೆ ಮೀರಿ ಉಳಿದು, ಮಲಗಿದರೆ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುವ ಬಿಗಿತ ಬೆನ್ನುಮೂಳೆಯ ಉರಿಯೂತದ ಸೂಚನೆ ಇರಬಹುದು. ಅದು ಕೈಚಿಕಿತ್ಸೆಗೆ ಬಗ್ಗುವಂಥದ್ದಲ್ಲ, ರಕ್ತಪರೀಕ್ಷೆ, ಸ್ಕ್ಯಾನು, ಸಂಧಿವಾತದ ತಜ್ಞರು ಬೇಕು. ನನ್ನದು ಆ ಜಾತಿಯದ್ದಲ್ಲ.

ಆಮೇಲೆ ಚಡ್ಡಿಯಲ್ಲಿ ನಿಲ್ಲಿಸಿ ಮುಂದೆ, ಹಿಂದೆ, ಪಕ್ಕಕ್ಕೆ ಬಗ್ಗಿಸಿದಳು. ಮಲಗಿಸಿ ಕಾಲು ನೆಟ್ಟಗೆ ಎತ್ತಿದಳು, ಮಂಡಿಗೆ ಸುತ್ತಿಗೆ ತಟ್ಟಿದಳು, ಕಾಲ ಹೆಬ್ಬೆರಳಿನ ಬಲ ನೋಡಿದಳು. ಕೊನೆಗೆ ಬಲ ತೊಡೆಯನ್ನು ಮಡಚಿ ಹೊರಗೆ ತಿರುಗಿಸಿದಳು. ಅದು ಅರ್ಧದಲ್ಲೇ ನಿಂತಿತು, ತುಕ್ಕು ಹಿಡಿದ ಗೇಟಿನ ಹಾಗೆ. ಎಡದ್ದು ಪರವಾಗಿಲ್ಲ.

ಅವಳು ಹೇಳಿದ್ದರ ಸಾರ: ಕೂಗಾಡುತ್ತಿರುವುದು ಸೊಂಟ, ಕೆಲಸಕ್ಕೆ ಚಕ್ಕರ್ ಹೊಡೆಯುತ್ತಿರುವುದು ತೊಡೆಯ ಸಂದು. ತೊಡೆ ಹೊರಕ್ಕೆ ತೆರೆಯದೆ ಹೋದರೆ ನೆಲದ ಮೇಲೆ ಕೂತಾಗ ಕಟಿಭಾಗ ಹಿಂದಕ್ಕೆ ಉರುಳುತ್ತದೆ, ಬೆನ್ನು ಬಿಲ್ಲಾಗುತ್ತದೆ, ಆ ಬಿಲ್ಲನ್ನು ಹಿಡಿದು ನಿಲ್ಲಿಸಿಕೊಳ್ಳೋದರಲ್ಲಿ ಸ್ನಾಯುಗಳು ಸುಸ್ತಾಗುತ್ತವೆ. "ಎತ್ತರದ ಮೇಲೆ ಕೂತುಕೊಂಡು ಅಭ್ಯಾಸ ಮಾಡು, ನಿಧಾನಕ್ಕೆ ಕೆಳಗಿಳಿ" ಅಂದಳು.

ಅಲ್ಲೇ ಹೊಳೆಯಿತು. ಮಣೆ! ಅಜ್ಜಿ ಮನೆಯಲ್ಲಿ ಊಟಕ್ಕೆ, ಪೂಜೆಗೆ ಯಾರೂ ಬರೀ ನೆಲದ ಮೇಲೆ ಕೂರುತ್ತಿರಲಿಲ್ಲವಲ್ಲ.

ಮೂರನೇ ವಾರ

ಶೆಡ್ಡಿನಲ್ಲಿ ಬಿದ್ದಿದ್ದ ಪೈನ್ ಹಲಗೆ ತೆಗೆದೆ. 45 ಸೆಂ.ಮೀ. ಅಗಲ, 35 ಉದ್ದ, ಕೆಳಗೆ ಅಡ್ಡಕ್ಕೆ ಎರಡು ಕಾಲುಪಟ್ಟಿ. ಮಾಮೂಲಿ ಮಣೆಗೆ ಕಾಲು ಒಂದಿಂಚು ಇದ್ದರೆ ಹೆಚ್ಚು. ನಾನು ಬೇಕೆಂದೇ ಎತ್ತರಕ್ಕೆ ಇಟ್ಟೆ, ಒಟ್ಟು 15 ಸೆಂ.ಮೀ. ನೋಡಲು ಮಣೆಗೂ ಸ್ಟೂಲಿಗೂ ಹುಟ್ಟಿದ ಹಾಗಿದೆ. ಯೋಜನೆ ಇಷ್ಟೇ: ಅದರ ಮೇಲೆ ಇಪ್ಪತ್ತು ನಿಮಿಷ ಆರಾಮಾಗಿ ಕೂರಲು ಬಂದಾಗ ಕಾಲು ಕತ್ತರಿಸುವುದು. 15, ಆಮೇಲೆ 11, 8, 5.

ನಾಲ್ಕನೇ ವಾರ

ಎರಡನೇ ಭೇಟಿ. ತೊಡೆಯನ್ನು ತೆರೆಯುವಷ್ಟು ತೆರೆದು ಹಿಡಿದು, "ನನ್ನ ಕೈಯನ್ನು ಮೆತ್ತಗೆ ತಳ್ಳು, ನಿನ್ನ ಶಕ್ತಿಯ ಐದರಲ್ಲಿ ಒಂದು ಪಾಲು ಸಾಕು" ಅಂದಳು. ಆರೇಳು ಸೆಕೆಂಡು ತಳ್ಳಿ, ಉಸಿರು ಬಿಟ್ಟು, ಸಡಿಲ ಬಿಟ್ಟೆ. ತೊಡೆ ತಾನಾಗಿ ಒಂದೆರಡು ಬೆರಳು ಕೆಳಗಿಳಿಯಿತು. ಮತ್ತೆ ತಳ್ಳು, ಮತ್ತೆ ಬಿಡು. ನಾಲ್ಕು ಸಲ ಆದ ಮೇಲೆ ನನ್ನ ಕಾಲೇ ನನಗೆ ಗುರುತು ಸಿಗಲಿಲ್ಲ.

ಆಮೇಲೆ ಪಕ್ಕಕ್ಕೆ ಮಲಗಿಸಿ, ಕೇಳಿ, ಒಪ್ಪಿಗೆ ಪಡೆದು, ಸೊಂಟಕ್ಕೆ ಒಂದು ಚುರುಕಾದ ತಳ್ಳು. ಲಟ್! ಅಜ್ಜಿ ದೃಷ್ಟಿ ತೆಗೆದು ಲಟಿಕೆ ಮುರಿದ ಹಾಗೆ. ಮೂಳೆ ಜಾಗಕ್ಕೆ ಕೂತಿತಾ ಅಂತ ಕೇಳಿದರೆ ನಕ್ಕಳು. ಅದು ಜಾಗ ಬಿಟ್ಟಿರಲೇ ಇಲ್ಲ. ಸಂದಿನ ದ್ರವದಲ್ಲಿ ಒತ್ತಡ ಇಳಿದು ಟೊಳ್ಳು ಉಂಟಾಗುವ ಸದ್ದು ಅದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬೆರಳಿನ ಲಟಿಕೆಯನ್ನು ಎಂಆರ್‌ಐ ಒಳಗೇ ಎಳೆದು ಆ ಕ್ಷಣವನ್ನು ಚಿತ್ರದಲ್ಲಿ ಹಿಡಿದಿದ್ದಾರೆ. ಸದ್ದು ಬಂದರೂ ಬರದಿದ್ದರೂ ಫಲ ಒಂದೇ ಅನ್ನುವುದು ಅವಳ ಅಭಿಪ್ರಾಯ. ಆಗುವುದು ಏನೆಂದರೆ, ನರಗಳಿಗೆ ಹೊಸ ಸುದ್ದಿ ಮುಟ್ಟಿ, ಕಾವಲು ನಿಂತ ಸ್ನಾಯು ಸ್ವಲ್ಪ ಹೊತ್ತು ಆಯುಧ ಕೆಳಗಿಡುತ್ತದೆ.

ಕತ್ತಿಗೂ ಹಾಗೆ ಮಾಡಲಾ ಅಂದಳು. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗುವ ಅಪಾಯ ಬಹಳ ಅಪರೂಪ, ಆದರೆ ಇದೆ ಅಂತ ಅವಳೇ ತಿಳಿಸಿದ್ದಳು. ನನಗೆ ಕತ್ತು ನೋವೇ ಇಲ್ಲ, ಬೇಡ ಅಂದೆ. ಬೇಜಾರೇನೂ ಮಾಡಿಕೊಳ್ಳಲಿಲ್ಲ.

ಭಾನುವಾರದ ಲೆಕ್ಕ: 22 ಸೆಂ.ಮೀ., ಮಣೆ ಮೇಲೆ 14 ನಿಮಿಷ, ಬಿಗಿತ 10 ನಿಮಿಷ.

ಐದನೇ ವಾರ

ಎಡವಟ್ಟು. ಸೊಂಟ ಹಗುರಾಗಿದೆ ಅಂತ ಖುಷಿಯಲ್ಲಿ ಶನಿವಾರ ಶೆಡ್ಡಿಗೆ ಹೋಗಿ ಮೂರು ಗಂಟೆ ಬಗ್ಗಿಕೊಂಡೇ ಕೀಸುಳಿ ಹೊಡೆದೆ, ಉಪ್ಪುಕಾಗದ ಉಜ್ಜಿದೆ. ಮಣೆ ಕನ್ನಡಿಯ ಹಾಗಾಯಿತು. ಭಾನುವಾರ ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. "ರೀ, ಹೋಮಕ್ಕೆ ಮಣೆಯನ್ನೇ ಕೂರಿಸಿ ನಾವು ನಿಂತ್ಕೊಂಡು ನೋಡೋಣ ಬಿಡಿ" ಅಂದಳು ಹೆಂಡತಿ, ಬಿಸಿನೀರಿನ ಚೀಲ ಎಸೆಯುತ್ತಾ.

33 ಸೆಂ.ಮೀ. ಶುರು ಮಾಡಿದಾಗಿಗಿಂತ ಎರಡು ಹೆಚ್ಚು.

ಆರನೇ ವಾರ

ಭಯದಲ್ಲಿ ಹೋದೆ. ಅವಳು ಲಟಿಕೆ ಗಿಟಿಕೆ ಏನೂ ಮಾಡಲಿಲ್ಲ, ಸ್ನಾಯು ಒತ್ತಿ ಸಡಿಲ ಮಾಡಿ, ನಡೆಯಲು ಕಳಿಸಿದಳು. ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ. ಮಲಗಬೇಡ ಅನ್ನುವುದೊಂದೇ ಕಟ್ಟಪ್ಪಣೆ. ನಾಲ್ಕು ದಿನದಲ್ಲಿ ಸರಿಹೋಯಿತು. ಅಷ್ಟರಲ್ಲಿ ನಾನು ತಲೆಯೊಳಗೆ ಎರಡು ಡಿಸ್ಕ್ ಜಾರಿಸಿಕೊಂಡು ಆಗಿತ್ತು.

ಆ ನಾಲ್ಕು ದಿನ ಇದಕ್ಕೆಲ್ಲ ಪುರಾವೆ ಏನಿದೆ ಅಂತ ಓದಿದೆ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2016ರಲ್ಲೇ ಹೇಳಿದೆ: ಸೊಂಟನೋವಿಗೆ ಕೈಚಿಕಿತ್ಸೆ ಪರಿಗಣಿಸಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ, ಒಂಟಿಯಾಗಿ ಅಲ್ಲ. ಫ್ರಾನ್ಸಿನಲ್ಲಿ 400 ಸೊಂಟನೋವಿನವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಆಸ್ಟಿಯೋಪಥಿ, ಇನ್ನೊಂದಕ್ಕೆ ಬರೀ ತೋರಿಕೆಯ ಮುಟ್ಟುವಿಕೆ, ಆರಾರು ಸಲ ಕೊಟ್ಟು ನೋಡಿದ ಪ್ರಯೋಗ 2021ರಲ್ಲಿ ಪ್ರಕಟವಾಗಿದೆ. ನಿಜವಾದದ್ದು ಗೆದ್ದಿತು, ಆದರೆ ಕೂದಲೆಳೆಯಷ್ಟು. ದಿನದ ಬದುಕಿನಲ್ಲಿ ಗೊತ್ತಾಗುವಷ್ಟು ಅಲ್ಲ ಅನ್ನುವ ಹಾಗಿದೆ. ಇದನ್ನು ಅವಳ ಮುಂದೆ ಇಟ್ಟೆ, ಸ್ವಲ್ಪ ಜಗಳಗಂಟಿಯ ಹಾಗೆ. ಓದಿದ್ದಾಳೆ. "ಹೌದು. ನನ್ನ ಕೈ ನಿನಗೆ ಎರಡು ದಿನ ಕೊಡುತ್ತದೆ. ಆ ಎರಡು ದಿನದಲ್ಲಿ ನೀನು ಏನು ಮಾಡಿದೆ ಅಂತ ಹೇಳು."

ನಾನು ಏನು ಮಾಡಿದ್ದೆ? ಮಣೆಗೆ ಪಾಲಿಷ್.

ಅವತ್ತಿನಿಂದ ಭೇಟಿಯ ಮರುದಿನಗಳನ್ನೇ ಮುಖ್ಯ ಅಂತ ಇಟ್ಟುಕೊಂಡೆ. ನೆಲದ ಮೇಲೆ ಕೂತು ಎರಡೂ ಮಂಡಿಯನ್ನು 90 ಡಿಗ್ರಿ ಮಡಚಿ ಆ ಕಡೆ ಹತ್ತು, ಈ ಕಡೆ ಹತ್ತು ಹೊರಳಿಸುವುದು. ಮಲಗಿ ಸೊಂಟ ಎತ್ತಿ ಹಿಡಿಯುವುದು. ಆ ತಳ್ಳು-ಬಿಡು ಆಟವನ್ನು ನನ್ನದೇ ಮೊಣಕೈಯಿಂದ ಆಡುವುದು. ಮಣೆ ಮೇಲೆ ಕೂತು ಒಂದು ಮೀಟಿಂಗ್, ಕ್ಯಾಮೆರಾ ಆಫ್.

ಎಂಟು, ಒಂಬತ್ತು

ಮೊದಲ ಕತ್ತರಿ! 15ರಿಂದ 11. ಗರಗಸ ಹಿಡಿದಾಗ ಮಗಳು ವಿಡಿಯೋ ಮಾಡಿದಳು. 19 ಸೆಂ.ಮೀ., 25 ನಿಮಿಷ. ಬಿಗಿತ ಐದು ನಿಮಿಷ. ಬೇರೆ ಹೇಳುವಂಥದ್ದು ಏನೂ ಇಲ್ಲ, ಬೇಸರ ಹುಟ್ಟಿಸುವಷ್ಟು ಸರಿಯಾಗಿದೆ.

ಹನ್ನೊಂದನೇ ವಾರ

ಐದನೇ ಭೇಟಿ. ಮಣೆ ಈಗ 8. ಪ್ರತಿ ಸಲ ಐವತ್ತೈದು ಪೌಂಡ್, ಜೇಬಿನಿಂದಲೇ. ಇನ್ನೊಂದೇ ಸಲ ಬಾ, ಆಮೇಲೆ ಬೇಕೆನಿಸಿದರೆ ಮಾತ್ರ ಅಂದಳು. ನನಗೆ ಅವಳ ಮೇಲೆ ನಂಬಿಕೆ ಬಂದದ್ದು ಆ ಲಟಿಕೆಯಿಂದಲ್ಲ, ಈ ಮಾತಿನಿಂದ. ಮೊದಲ ದಿನವೇ ಇಪ್ಪತ್ತು ಭೇಟಿಯ ಪ್ಯಾಕೇಜ್ ಮಾರುವ ಬೇರೆ ಕ್ಲಿನಿಕ್ ಒಂದಕ್ಕೆ ಎರಡು ವರ್ಷದ ಹಿಂದೆ ಹೋಗಿ ದುಡ್ಡು ಕಳೆದುಕೊಂಡವನು ನಾನು. ತಲೆಬುರುಡೆ ಹಿಡಿದು ಅದರ ಲಯ ಸರಿಮಾಡುತ್ತೇವೆ ಅನ್ನುವವರೂ ಈ ವೃತ್ತಿಯಲ್ಲಿದ್ದಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ನಾನು ಆ ಕಡೆ ಹೋಗಲಿಲ್ಲ.

ಅಮ್ಮ ಕೇಳಿದಳು, ಅಲ್ಲಿ ಮಾಡಿದ್ದನ್ನು ಇಲ್ಲಿ ಯಾರು ಮಾಡ್ತಾರೆ ಅಂತ. ಒಳ್ಳೆಯ ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ ಇದರಲ್ಲಿ ಬಹುಪಾಲು ಸಿಗುತ್ತೆ ಅಂದೆ. ಅವಳ ಮಂಡಿಗೆ ಮೂಳೆ ಸವೆತ ಇದೆ, ಎಲುಬೂ ತೆಳುವಾಗಿದೆ. ಅವಳಿಗೆ ಲಟ್ ಅನ್ನಿಸುವುದು ಮಾತ್ರ ಯಾರೂ ಮಾಡಕೂಡದು ಅಂತ ಎರಡೆರಡು ಸಲ ಹೇಳಿದೆ. "ನನಗ್ಯಾರೋ ಒದೆಯೋರು" ಅಂದಳು.

ಹದಿಮೂರನೇ ವಾರ

ಮಣೆ ಈಗ 5 ಸೆಂ.ಮೀ. ಕತ್ತರಿಸಿದ ಪಟ್ಟಿಯ ತುಂಡುಗಳು ಕಿಟಕಿಯಲ್ಲಿ ಸಾಲಾಗಿವೆ. ಬೆರಳು-ನೆಲ 11. ನೆಲದಲ್ಲಿ 50 ನಿಮಿಷ. ಬಲಗಾಲು ಜೋಮು ಹಿಡಿಯುತ್ತೆ, ಬದಲಿಸಿ ಕೂತರೆ ಸರಿಹೋಗುತ್ತೆ.

ಹದಿನಾರನೇ ವಾರ, ಶಿವಮೊಗ್ಗ

ಹೋಮ ಎರಡು ಗಂಟೆ ಹತ್ತು ನಿಮಿಷ. ಪುರೋಹಿತರ ಮಣೆ ಒಂದಿಂಚೂ ಇರಲಿಲ್ಲ. ಹೆಂಡತಿ ಏನೂ ಹೇಳದೆ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೆಳಗೆ ತುರುಕಿದಳು, ಸರಿಯಾಗಿ ಐದು ಸೆಂಟಿಮೀಟರು. ಮೊದಲ ಒಂದು ಗಂಟೆ ಸೊಂಟದ ನೆನಪೇ ಆಗಲಿಲ್ಲ, ಹೊಗೆಗೆ ಕಣ್ಣಿನದ್ದೇ ಪಾಡು. ಆಮೇಲೆ ಕಾಲು ಬದಲಿಸಿದೆ. ಪೂರ್ಣಾಹುತಿಗೆ ಎದ್ದು ನಿಲ್ಲಬೇಕಾದಾಗ ಎಲ್ಲೂ ಕೈ ಊರಲಿಲ್ಲ. ಅದನ್ನು ನೋಡಿದ್ದು ಮಗಳೊಬ್ಬಳೇ.

ನಮ್ಮ ಹಿಂದೆ ಗೋಡೆಗೆ ಒರಗಿಸಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು, ನನಗೇ ಅಂತ. ಅಮ್ಮ ಅದರಲ್ಲಿ ಕೂತು ಇಡೀ ಹೋಮ ನೋಡಿದಳು.